ಮಂಗನ ಕಾಯಿಲೆಗೆ ಮಂಗ ಒಂದೇ ಕಾರಣ ಅಲ್ಲ: ದನ, ದರಗು, ಕಾಡಂಚಿನ ಪೂರ್ತಿ ಲೆಕ್ಕ ಇಲ್ಲಿದೆ

ಶಿವಮೊಗ್ಗ: ಮಳೆಗಾಲ ಮುಗಿದು ಚಳಿ ಬಿತ್ತು ಅಂದ್ರೆ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಕಾಡಂಚಿನ ಊರುಗಳಲ್ಲಿ ಒಂದೇ ಮಾತು. ಎಲ್ಲಾದ್ರೂ ಮಂಗ ಸತ್ತಿದೆಯಾ? ಯಾರಿಗಾದ್ರೂ ಜ್ವರ ಬಂದಿದೆಯಾ? ಹೆಸರೇ ಮಂಗನ ಕಾಯಿಲೆ ಆಗಿರೋದ್ರಿಂದ ಎಲ್ಲರೂ ಬೈಯೋದು ಮಂಗನಿಗೆ. ಆದರೆ ಈ ಕಾಯಿಲೆಯಲ್ಲಿ ನಮ್ಮ ಕೊಟ್ಟಿಗೆಯ ದನಕ್ಕೂ, ನಾವು ಗುಡಿಸಿ ತರುವ ದರಗಿಗೂ, ಕಡಿದ ಕಾಡಿಗೂ ಪಾಲಿದೆ. ಅದು ಹೇಗೆ ಅಂತ ಇಲ್ಲಿ ಓದಿ.

ಶುರುವಾಗಿದ್ದು ಎಲ್ಲಿ?

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಯ ಜನರಿಗೂ ಜೋರು ಜ್ವರ ಬಂತು. ಮಂಗ ಸಾಯ್ತಿದ್ದ ಕಾರಣ ಹಳದಿ ಜ್ವರ ಭಾರತಕ್ಕೂ ಬಂತೇನೋ ಅಂತ ಮೊದಲು ಹೆದರಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷೆ ಮಾಡಿದಾಗ ಇದು ಹೊಸ ವೈರಸ್ ಅಂತ ಗೊತ್ತಾಯ್ತು. ಅದಕ್ಕೇ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಇದರ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ.

ಮಂಗ ಕಚ್ಚಿದರೆ ಬರೋ ಕಾಯಿಲೆ ಅಲ್ಲ ಇದು. ಹರಡೋದು ಉಣುಗು, ಅಂದ್ರೆ ಉಣ್ಣೆ. ಕಾಡಿನ ಇಲಿ, ಸುಂಡಿಲಿಯಂಥ ಸಣ್ಣ ಪ್ರಾಣಿ ಮತ್ತು ಉಣುಗಿನ ನಡುವೆ ವೈರಸ್ ಸದ್ದಿಲ್ಲದೆ ಓಡಾಡಿಕೊಂಡಿರುತ್ತೆ. ಮುಸುವ, ಕೆಂಪು ಮಂಗಗಳಿಗೆ ತಗುಲಿದಾಗ ಅವು ಸಾಯ್ತವೆ. ಸತ್ತ ಮಂಗನ ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ಉಣುಗೆಲ್ಲ ಕೆಳಗಿಳಿದು ಬೇರೆ ರಕ್ತ ಹುಡುಕ್ತವೆ. ಆ ಜಾಗದಲ್ಲಿ ಓಡಾಡುವ ಮನುಷ್ಯನಿಗೆ ಕಚ್ಚಿದರೆ ಕಾಯಿಲೆ. ಅಂದ್ರೆ ಮಂಗವೂ ನಮ್ಮ ಹಾಗೇ ಕಾಯಿಲೆಗೆ ಸಿಕ್ಕಿಬಿದ್ದ ಪ್ರಾಣಿ.

ದನದ ಪಾಲು ಏನು?

ಇದು ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ. ಈ ಉಣುಗು ಬದುಕಿನಲ್ಲಿ ಮೂರು ಸಲ ರಕ್ತ ಕುಡಿಯುತ್ತೆ, ಪ್ರತಿ ಸಲ ಬೇರೆ ಪ್ರಾಣಿಯದು. ಮೊಟ್ಟೆಯಿಂದ ಬಂದ ಮರಿ ಇಲಿ, ಹಕ್ಕಿಯಂಥ ಸಣ್ಣ ಜೀವಿ ಹಿಡಿಯುತ್ತೆ. ಎರಡನೇ ಹಂತದ್ದು ಎಳ್ಳಿಗಿಂತ ಚಿಕ್ಕದು. ಮನುಷ್ಯನಿಗೆ ಹೆಚ್ಚಾಗಿ ಕಚ್ಚೋದು ಇದೇ. ಚಳಿಯಿಂದ ಬೇಸಿಗೆವರೆಗೆ ಇದರ ಕಾಟ ಜೋರು, ಹಾಗಾಗಿ ಕಾಯಿಲೆಯೂ ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು.

ಮೂರನೇ ಹಂತದ ಬೆಳೆದ ಉಣುಗಿಗೆ ದೊಡ್ಡ ಪ್ರಾಣಿ ಬೇಕು. ಹಿಂದೆ ಕಾಡಿನಲ್ಲಿ ಕಡವೆ, ಕಾಟಿ ಸಿಗ್ತಿದ್ದವು. ಈಗ ಮೇಯೋಕೆ ಬಿಟ್ಟ ದನ ಸಿಗುತ್ತೆ. ಹೊಟ್ಟೆ ತುಂಬಾ ರಕ್ತ ಕುಡಿದ ಹೆಣ್ಣು ಉಣುಗು ಕೆಳಗೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತೆ. ದನ ಓಡಾಡುವ ದಾರಿ, ಬೇಣ, ತೋಟದ ಅಂಚು, ಎಲ್ಲ ಕಡೆ ಉಣುಗು ಬೆಳೆಯೋದು ಹೀಗೆ.

ದನಕ್ಕೆ ಕಾಯಿಲೆ ಬರೋದಿಲ್ಲ, ಅದರ ರಕ್ತದಲ್ಲಿ ವೈರಸ್ ಹೆಚ್ಚು ಬೆಳೆಯೋದೂ ಇಲ್ಲ. ಆದರೆ ಉಣುಗಿನ ಸಂಖ್ಯೆ ಹೆಚ್ಚಾಗೋಕೆ ಅದೇ ಊಟದ ಮನೆ. ಹಾಗಂತ ದನ ಸಾಕಬೇಡಿ ಅನ್ನೋಕಾಗಲ್ಲ. ಒಂದೆರಡು ಮಲೆನಾಡು ಗಿಡ್ಡ ಇಟ್ಟುಕೊಂಡು ಕಾಡಿಗೆ ಬಿಟ್ಟೇ ಸಾಕುವ ಮನೆಗಳು ಎಷ್ಟೋ ಇವೆ. ಹಿಂಡಿ, ಹುಲ್ಲು ಕೊಂಡು ತಂದು ಕಟ್ಟಿ ಮೇಯಿಸೋ ಶಕ್ತಿ ಎಲ್ಲರಿಗೂ ಇಲ್ಲ.

ಕಾಡು ಕಡಿದಾಗ ಏನಾಯ್ತು?

1980ರ ದಶಕದ ಶುರುವಿನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟ ಮಾಡೋಕೆ ಕಾಡು ಕಡಿದರು. ಅದರ ಹಿಂದೆಯೇ ಅಲ್ಲಿ ಕಾಯಿಲೆ ದೊಡ್ಡದಾಗಿ ಬಂತು. ದಟ್ಟ ಕಾಡು ಹೋಗಿ ಪೊದೆ, ಲಂಟಾನ ಬೆಳೆದರೆ ಇಲಿ, ಉಣುಗು ಎರಡಕ್ಕೂ ಅನುಕೂಲ. ಜನ, ದನ, ಮಂಗ ಒಂದೇ ಜಾಗದಲ್ಲಿ ಓಡಾಡೋ ಹಾಗಾಗುತ್ತೆ. ಕಾಡಿನ ಒಳಗಿಗಿಂತ ಕಾಡಿನ ಅಂಚೇ ಹೆಚ್ಚು ಅಪಾಯ ಅನ್ನೋದು ಇದಕ್ಕೇ.

2012ರ ನಂತರ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಯಿಲೆ ಕಾಣಿಸಿತು. 2018-19ರಲ್ಲಿ ನಮ್ಮ ಸಾಗರ ತಾಲೂಕಿನ ಅರಳಗೋಡು ಭಾಗ ಪಟ್ಟ ಕಷ್ಟ ಇನ್ನೂ ಯಾರೂ ಮರೆತಿಲ್ಲ.

ದರಗು ತರೋವಾಗ ಹುಷಾರು

ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಕೊಟ್ಟಿಗೆಗೆ ಹಾಸೋಕೆ ದರಗು ಬೇಕು. ದರಗು ಗುಡಿಸೋ ಕಾಲವೂ ಮರಿ ಉಣುಗಿನ ಕಾಲವೂ ಒಂದೇ. ಉಣುಗು ಇರೋದೂ ಒಣ ಎಲೆಯಲ್ಲೇ. ಹಾಗಾಗಿ ದರಗು, ಕಟ್ಟಿಗೆ, ಸೊಪ್ಪು ತರೋರಿಗೆ, ದನ ಕಾಯೋರಿಗೆ, ಕೂಲಿಯವರಿಗೆ ಕಾಯಿಲೆ ಹೆಚ್ಚು.

ಅಂಗಡಿಯವರೇ, ಇದನ್ನ ಗಮನಿಸಿ

ಕಾಯಿಲೆ ಬಂದ ಊರಿನವರು ಪೇಟೆಗೆ ಬಂದರೆ ದೂರ ನಿಲ್ಲಿಸೋದು ತಪ್ಪು. ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡಲ್ಲ. ಕೆಮ್ಮಿದರೆ, ಮುಟ್ಟಿದರೆ, ನೋಟು ತಗೊಂಡರೆ ಬರಲ್ಲ. ಹಾಲಿನಿಂದ ಬಂದಿದ್ದಕ್ಕೂ ಪುರಾವೆ ಇಲ್ಲ. ಆ ಊರಿನ ಹಾಲು ಬೇಡ ಅನ್ನೋರು ಇದನ್ನ ತಿಳ್ಕೊಳ್ಳಿ.

ಜ್ವರ ಬಂದರೆ?

ಉಣುಗು ಕಚ್ಚಿ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬರುತ್ತೆ. ವಾಂತಿ ಆಗಬಹುದು, ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ ಬರಬಹುದು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬಂದು ಮೆದುಳಿಗೆ ತೊಂದರೆ ಕೊಡುತ್ತೆ. ನೂರು ಜನರಿಗೆ ಬಂದರೆ ಮೂರರಿಂದ ಐದು ಜನ ಸಾಯ್ತಾರೆ ಅನ್ನೋದು ಒಟ್ಟು ಲೆಕ್ಕ. ವೈರಸ್ ಕೊಲ್ಲುವ ಔಷಧಿ ಇಲ್ಲ, ಬೇಗ ಆಸ್ಪತ್ರೆ ಸೇರಿದರೆ ಆರೈಕೆಯಿಂದ ಉಳಿಸಬಹುದು. ಮೆಡಿಕಲ್‌ನಲ್ಲಿ ನೋವಿನ ಮಾತ್ರೆ ತಗೊಂಡು ಮನೆಯಲ್ಲೇ ಮಲಗಬೇಡಿ. ಕೆಲವು ನೋವಿನ ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಾಗುತ್ತೆ. ಕಾಡಿಗೆ ಹೋಗಿದ್ದು, ಮಂಗ ಸತ್ತಿದ್ದು ಡಾಕ್ಟರ್‌ಗೆ ಮರೆಯದೆ ಹೇಳಿ.

1990ರಿಂದ ಕೊಡ್ತಿದ್ದ ಲಸಿಕೆ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ಐಸಿಎಂಆರ್ ಕಡೆಯಿಂದ ನಡೀತಿದೆ. ಹಳೇ ಲಸಿಕೆ ಹಾಕಿಸ್ಕೊಂಡಿದೀವಿ ಅಂತ ಧೈರ್ಯದಲ್ಲಿ ಇರಬೇಡಿ.

ಇಷ್ಟು ಮಾಡಿ

* ಕಾಡಿಗೆ ಹೋಗೋ ಮೊದಲು ಕೈಕಾಲಿಗೆ ಡೇಪಾ ತೈಲ ಹಚ್ಚಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ.
* ತುಂಬು ತೋಳಿನ ಅಂಗಿ, ಪ್ಯಾಂಟ್ ಹಾಕಿ. ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಲ್ಲಿ ತೊಳೆಯಿರಿ.
* ದನದ ಮೈಯ ಉಣುಗಿಗೆ ಪಶು ಆಸ್ಪತ್ರೆಯಲ್ಲಿ ಔಷಧಿ ಕೇಳಿ. ಒಬ್ಬರು ಹಾಕಿಸಿದರೆ ಸಾಲದು, ಊರಿನ ದನಕ್ಕೆಲ್ಲ ಹಾಕಿಸಬೇಕು.
* ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗಬೇಡಿ, ದನವನ್ನೂ ಆ ಕಡೆ ಬಿಡಬೇಡಿ. ತಕ್ಷಣ ಆರೋಗ್ಯ ಕೇಂದ್ರ, ಅರಣ್ಯ ಇಲಾಖೆ ಅಥವಾ ಪಂಚಾಯ್ತಿಗೆ ಫೋನ್ ಮಾಡಿ.

ಸತ್ತ ಮಂಗ ಊರಿಗೆ ಸಿಗುವ ಮೊದಲ ಎಚ್ಚರಿಕೆ. ಯಾಕೆ ತಲೆನೋವು ಅಂತ ಸುಮ್ಮನಿದ್ದರೆ ಮುಂದಿನ ವಾರ ಜ್ವರ ಬರೋದು ನಮ್ಮ ಮನೆಯವರಿಗೇ ಇರಬಹುದು.