ಸೆವ್ರ್‌ನ ಪಿಂಗಾಣಿ ಮತ್ತು ಟಿಪ್ಪುವಿನ ಬೇಡಿಕೆ

ಚಪಳಗಾಂವದ ನಮ್ಮ ಮನೆಗಳಲ್ಲಿ ಬಂದವರಿಗೆ ಚಹಾ ಕೊಡುವ ಕಪ್ಪು-ಬಸಿ ಇಂದು ತೀರ ಸಾಮಾನ್ಯ ವಸ್ತು. ಆದರೆ ಒಂದು ಕಾಲಕ್ಕೆ ಇದೇ ಪಿಂಗಾಣಿಯ ಗುಟ್ಟಿಗಾಗಿ ಯುರೋಪಿನ ಅರಸರು ಹಂಬಲಿಸಿದ್ದರು.

ಶತಮಾನಗಳ ಕಾಲ ಆ ವಿದ್ಯೆ ಚೀನಾ ಮತ್ತು ಅದರ ನೆರೆನಾಡುಗಳ ಸ್ವತ್ತಾಗಿತ್ತು. 1710ರಲ್ಲಿ ಜರ್ಮನಿಯ ಮೈಸೆನ್‌ನಲ್ಲಿ ಕಾರ್ಖಾನೆ ಸ್ಥಾಪನೆಯಾಯಿತು. ಫ್ರಾನ್ಸಿನಲ್ಲಿ 1740ರಲ್ಲಿ ವಿನ್ಸೆನ್‌ನಲ್ಲಿ ಆರಂಭವಾದ ಕಾರ್ಖಾನೆ 1756ರಲ್ಲಿ ಪ್ಯಾರಿಸ್ ಸಮೀಪದ ಸೆವ್ರ್‌ಗೆ ಸ್ಥಳಾಂತರಗೊಂಡು, 1759ರಲ್ಲಿ ಅರಸನ ಸ್ವತ್ತಾಯಿತು. ಗಟ್ಟಿ ಪಿಂಗಾಣಿಗೆ ಅವಶ್ಯವಾದ ಕೆಯೋಲಿನ್ ಎಂಬ ಬಿಳಿಮಣ್ಣು 1768ರ ಸುಮಾರಿಗೆ ಲಿಮೋಜ್ ಪ್ರಾಂತದಲ್ಲಿ ದೊರೆಯಿತು. ಗಾಢ ನೀಲಿ, ಗುಲಾಬಿ ಬಣ್ಣಗಳ ಮೇಲೆ ಚಿನ್ನದ ರೇಖೆಗಳುಳ್ಳ ಸೆವ್ರ್‌ನ ತಟ್ಟೆ-ಬಟ್ಟಲುಗಳು ರಾಜರು ರಾಜರಿಗೆ ಕೊಡುವ ಉಡುಗೊರೆಗಳಾದವು.

ಕನ್ನಡ ನಾಡಿಗೂ ಈ ಕಥೆಯಲ್ಲಿ ಪಾಲುಂಟು. 1788ರಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳಾದ ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮಹಮ್ಮದ್ ಉಸ್ಮಾನ್ ಖಾನ್ ಹದಿನಾರನೆಯ ಲೂಯಿಯನ್ನು ವರ್ಸೇಲ್ಸಿನಲ್ಲಿ ಕಂಡರು. ಸೆವ್ರ್ ಕಾರ್ಖಾನೆಯನ್ನೂ ಸಂದರ್ಶಿಸಿದರು. ಅರಸನು ಸೆವ್ರ್‌ನ ಪಿಂಗಾಣಿಯನ್ನು ಕಾಣಿಕೆಯಾಗಿ ಕೊಟ್ಟನು. ಆದರೆ ಟಿಪ್ಪು ಬಯಸಿದ್ದು ಸಿದ್ಧ ಪಾತ್ರೆಗಳನ್ನಷ್ಟೇ ಅಲ್ಲ. ಸೇನಾ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದ್ದನು. ಆ ವಿದ್ಯೆಗಳು ತನ್ನ ನಾಡಿನಲ್ಲಿಯೇ ಬೇರೂರಬೇಕೆಂಬುದು ಅವನ ದೂರದೃಷ್ಟಿ.

1793ರಲ್ಲಿ ಲೂಯಿ ವಧಿಸಲ್ಪಟ್ಟನು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದನು. ಕೊಟ್ಟವನೂ ಉಳಿಯಲಿಲ್ಲ, ಪಡೆದವನೂ ಉಳಿಯಲಿಲ್ಲ. ಆದರೆ ಕೈಯಿಂದ ಕೈಗೆ ವಿದ್ಯೆ ದಾಟುತ್ತ ಬಂದುದರಿಂದ ಸೆವ್ರ್‌ನ ಆವಿಗೆ ಇಂದಿಗೂ ಆರಿಲ್ಲ. ಉಡುಗೊರೆಯಾಗಿ ಬಂದ ಬಟ್ಟಲು ಒಂದು ದಿನ ಒಡೆಯಬಹುದು; ಕಲಿತ ಕಸುಬು ಒಡೆಯದು.