ಭೈರವಿ ವೆಂಕಟಸುಬ್ಬಯ್ಯ: ಐತಿಹ್ಯದಿಂದ ತೆರೆಗೆ

ಜಿ.ವಿ. ಅಯ್ಯರ್ ನಿರ್ದೇಶಿಸಿದ ‘ಹಂಸಗೀತೆ’ 1975ರ ಕನ್ನಡ ಚಲನಚಿತ್ರ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಬಾಳಿದನೆಂದು ಹೇಳಲಾಗುವ ಭೈರವಿ ವೆಂಕಟಸುಬ್ಬಯ್ಯನೆಂಬ ಗಾಯಕ ಅದರ ಕೇಂದ್ರ. ಆಳುವವನ ಅಪ್ಪಣೆಗೆ ಹಾಡಲೊಲ್ಲದೆ ಆತ ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡನೆಂಬುದು ಐತಿಹ್ಯ.

ಹೆಸರಿನ ಮುಂದಿರುವ ಭೈರವಿ ಆತ ಒಲಿಸಿಕೊಂಡ ರಾಗ. ಕರ್ನಾಟಕ ಸಂಗೀತದ ಭೈರವಿ ನಠಭೈರವಿ ಮೇಳದ ಜನ್ಯ. ಏರುವಾಗ ಚತುಶ್ರುತಿ ಧೈವತ, ಇಳಿಯುವಾಗ ಶುದ್ಧ ಧೈವತ. ಈ ಎರಡು ಧೈವತಗಳ ಓಡಾಟದಲ್ಲಿ ಅದರ ಕರುಣರಸದ ಬಹುಪಾಲು ಇದೆ. ಹಿಂದೂಸ್ತಾನಿ ಕಛೇರಿಯ ಕೊನೆಗೆ ಹಾಡುವ ಭೈರವಿಯೇ ಬೇರೆ, ಇದೇ ಬೇರೆ.

ಅಂದಿನ ಸಂಗೀತ ವಿದ್ವಾಂಸರಿಗೆ ಅನ್ನ ಹುಟ್ಟುತ್ತಿದ್ದುದು ಅರಮನೆ ಮತ್ತು ದೇವಸ್ಥಾನಗಳಲ್ಲಿ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈಸೇರಿ, ಅಲ್ಲಿನ ಪಾಳೆಯಗಾರ ನಾಯಕರ ಆಳ್ವಿಕೆ ಕೊನೆಗೊಂಡಿತು. ಆಸ್ಥಾನವೊಂದು ಅಳಿದರೆ ಅದನ್ನು ನಂಬಿದ್ದ ಸಂಗೀತಗಾರನಿಗೆ ಸಂಬಳದ ಜೊತೆಗೆ ತನ್ನ ಹಾಡನ್ನು ತೂಗಿ ನೋಡಬಲ್ಲ ಸಭೆಯೂ ಇಲ್ಲವಾಗುತ್ತದೆ. ಕಥೆಯಲ್ಲಿ ಕಾಣುವ ವೆಂಕಟಸುಬ್ಬಯ್ಯನ ಖಿನ್ನತೆಯನ್ನು ಬರಿಯ ಸ್ವಭಾವದೋಷವೆಂದು ಓದುವವರು ಈ ಹಿನ್ನೆಲೆಯನ್ನು ಮರೆಯುತ್ತಾರೆ.

ಚಿತ್ರದುರ್ಗ ಜಿಲ್ಲೆಯ ತಳುಕಿನ ಮನೆತನದ ತ.ರಾ. ಸುಬ್ಬರಾವ್ (ತರಾಸು) ಈ ಐತಿಹ್ಯವನ್ನು ‘ಹಂಸಗೀತೆ’ ಎಂಬ ಹೆಸರಿನಲ್ಲೇ ಕಾದಂಬರಿಯಾಗಿಸಿದರು. ದುರ್ಗದ ಇತಿಹಾಸ ತರಾಸು ಅವರಿಗೆ ಜೀವಮಾನದ ಗೀಳು, ‘ದುರ್ಗಾಸ್ತಮಾನ’ ಕಾದಂಬರಿಯೂ ಅವರದೇ. ಕಾದಂಬರಿ ಮೊದಲು ತೆರೆಗೆ ಬಂದದ್ದು ಕನ್ನಡದಲ್ಲಲ್ಲ, ಹಿಂದಿಯಲ್ಲಿ: 1956ರ ‘ಬಸಂತ್ ಬಹಾರ್’. ನಾಯಕ ಭರತ್ ಭೂಷಣ್, ಸಂಗೀತ ಶಂಕರ್-ಜೈಕಿಶನ್. ಅದರ ಸಂಗೀತ ಸ್ಪರ್ಧೆಯ ಸನ್ನಿವೇಶದಲ್ಲಿ ನಾಯಕನಿಗೆ ಮನ್ನಾ ಡೇ ದನಿಯಾದರೆ, ಸೋಲುವ ಎದುರಾಳಿಗೆ ಹಾಡಿದವರು ಗದಗಿನ ಭೀಮಸೇನ ಜೋಶಿ. ಕನ್ನಡದ ಕಥೆಯಲ್ಲಿ ಕನ್ನಡದ ಗಾಯಕ ಸೋಲಬೇಕಾಯಿತು! ಆ ಲೆಕ್ಕವನ್ನು ಜೋಶಿಯವರು 1966ರಲ್ಲಿ ಚುಕ್ತಾ ಮಾಡಿದರು ಎನ್ನಬಹುದು: ಅ.ನ. ಕೃಷ್ಣರಾಯರ ಕಾದಂಬರಿ ಆಧರಿಸಿದ, ರಾಜ್‌ಕುಮಾರ್ ಸಂಗೀತಗಾರನಾಗಿ ಅಭಿನಯಿಸಿದ ‘ಸಂಧ್ಯಾರಾಗ’ದಲ್ಲಿ ಅವರ ಹಾಡಿಗೆ ಸೋಲುವ ಪ್ರಶ್ನೆಯಿರಲಿಲ್ಲ.

‘ಬಸಂತ್ ಬಹಾರ್’ನ ದಾರಿ ಬಿಟ್ಟು ಅಯ್ಯರ್ ಹಿಡಿದ ದಾರಿ ಇನ್ನೊಂದು. ನಂಜನಗೂಡಿನವರು, ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದವರು. ಜನಪ್ರಿಯ ಚಿತ್ರಗಳಿಗೆ ಹಾಡು, ಸಂಭಾಷಣೆ ಬರೆದು, ‘ವಂಶವೃಕ್ಷ’ದ ನಿರ್ಮಾಪಕರೂ ಆದ ಮೇಲೆ ‘ಹಂಸಗೀತೆ’ಗೆ ಬಂದರು. ಛಾಯಾಗ್ರಹಣ ಬಂಗಾಳದ ‘ಛಿನ್ನಮೂಲ್’ ನಿರ್ದೇಶಿಸಿದ್ದ ನಿಮಾಯ್ ಘೋಷ್ ಅವರದು. ವೆಂಕಟಸುಬ್ಬಯ್ಯನಾಗಿ ಅನಂತನಾಗ್, ಆಗ ಇಪ್ಪತ್ತರ ಹರೆಯದ ಕೊನೆಯಲ್ಲಿದ್ದ ನಟ. ಹಿಂದಿ ಚಿತ್ರ ಪ್ರೇಮ ಮತ್ತು ಪೈಪೋಟಿಯ ಕಡೆ ವಾಲಿದರೆ, ಇಲ್ಲಿ ಕೀರ್ತಿಯ ಹಂಬಲ, ವಿದ್ಯೆಯ ಅಹಂ, ಅದು ಕರಗಿದ ಮೇಲಿನ ಒಂಟಿತನ ಮುಖ್ಯ. ಹೆಸರು ಮಾಡಿದ ಕಲಾವಿದನ ಮನಸ್ಸು ಯಾಕೆ ಬರಿದಾಗುತ್ತದೆಂದು ವಿವರಿಸುವ ಮಾತಿಗಿಂತ ಹಾಡೇ ಹೆಚ್ಚು ಹೇಳುತ್ತದೆ. ಎಂ. ಬಾಲಮುರಳಿಕೃಷ್ಣ ಹಾಡಿದ ಶ್ಯಾಮಾಶಾಸ್ತ್ರಿಗಳ ಕಲ್ಯಾಣಿ ಕೃತಿ ಅಂಥದ್ದು. ಸಿನಿಮಾಕ್ಕೆಂದು ಅದನ್ನು ಸಡಿಲಿಸಿಲ್ಲ, ಕಛೇರಿಯ ಗತ್ತಿನಲ್ಲೇ ಇದೆ.

ಈ ಚಿತ್ರದಲ್ಲಿ ನಾಲಿಗೆ ಕತ್ತರಿಸಿಕೊಳ್ಳುವುದನ್ನು ಆತ್ಮಗೌರವವೆಂದೂ ನೋಡಬಹುದು, ಹತಾಶೆಯ ತುದಿಯೆಂದೂ ನೋಡಬಹುದು. ಐತಿಹ್ಯಕ್ಕೆ ಮೊದಲನೆಯದಷ್ಟೇ ಬೇಕಿತ್ತು.

23ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ‘ಚೋಮನ ದುಡಿ’ಯ ಪಾಲಾಯಿತು. ‘ಹಂಸಗೀತೆ’ ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ ಬಾಲಮುರಳಿಕೃಷ್ಣ ಅವರಿಗೆ ಸಂದಿತು.