ತಪಜೋಸ್ ತೀರದ ಫೋರ್ಡ್‌ಲಾಂಡಿಯಾ

ಅಮೆಜಾನ್ ಮಹಾನದಿಯ ಜಾಡನ್ನು ಸಮುದ್ರದ ಕಡೆಯಿಂದ ಹಿಂದಕ್ಕೆ ಅನುಸರಿಸುತ್ತ ಹೋದರೆ, ಬ್ರೆಜಿಲ್ ದೇಶದ ಪಾರಾ ರಾಜ್ಯದಲ್ಲಿ, ಸಾಂತರೇಂ ಎಂಬ ಪಟ್ಟಣದ ಬಳಿ, ದಕ್ಷಿಣದಿಂದ ಬಂದು ಸೇರುವ ಒಂದು ಉಪನದಿ ಸಿಗುತ್ತದೆ. ಅದರ ಹೆಸರು ತಪಜೋಸ್. ಅಮೆಜಾನಿನ ನೀರು ಕೆಸರು ಬಣ್ಣದ್ದು. ತಪಜೋಸಿನದು ತಿಳಿಯಾದ ನೀಲಿ-ಹಸಿರು. ಸಂಗಮದಲ್ಲಿ ಇವೆರಡೂ ಬಹುದೂರ ಬೆರೆಯದೆ ಅಕ್ಕಪಕ್ಕದಲ್ಲಿ ಹರಿಯುತ್ತವೆ. ಆ ತಿಳಿನೀರಿಗೆ ಎದುರಾಗಿ ದೋಣಿಯಲ್ಲಿ ಸುಮಾರು ಒಂದು ಹಗಲು ಪಯಣಿಸಿದರೆ ಬಲದಂಡೆಯ ಮೇಲೊಂದು ಹಳ್ಳಿ. ಹಳ್ಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಅಲ್ಲಿಯ ಉಕ್ಕಿನ ನೀರಿನ ಗೋಪುರ. ಕಾಡಿನ ನಡುವಣ ಊರಿಗೆ ಇಂಥ ಗೋಪುರವೇಕೆ ಎಂಬ ಪ್ರಶ್ನೆಗೆ ಊರಿನ ಹೆಸರೇ ಉತ್ತರ ಹೇಳುತ್ತದೆ. ಅದು ಫೋರ್ಡ್‌ಲಾಂಡಿಯಾ, ಅಮೆರಿಕದ ಮೋಟಾರು ಉದ್ಯಮಿ ಹೆನ್ರಿ ಫೋರ್ಡನ ನಾಡು.

ಈ ಹಳ್ಳಿಯ ಕಥೆ ಒಂದು ಮರದ ಕಥೆಯೂ ಹೌದು. ರಬ್ಬರ್ ಮರದ ತವರು ಅಮೆಜಾನ್ ಕಾಡು. ಅಲ್ಲಿ ಅದು ತೋಪಾಗಿ ಬೆಳೆಯುವುದಿಲ್ಲ. ನೂರಾರು ಜಾತಿಯ ಮರಗಳ ನಡುವೆ ಇಲ್ಲೊಂದು, ಅಲ್ಲೊಂದು ನಿಂತಿರುತ್ತದೆ. ಹಾಲು ತೆಗೆಯುವವನು ನಸುಕಿಗೆ ಮುಂಚೆಯೇ ಎದ್ದು, ತಾನೇ ಸವೆಸಿದ ಕಾಲುದಾರಿಯಲ್ಲಿ ನೂರಕ್ಕೂ ಹೆಚ್ಚು ಮರಗಳನ್ನು ಸುತ್ತಿ ಕಚ್ಚು ಹಾಕಿ ಬರಬೇಕು. ಅವನ ಬದುಕೇನೂ ಸುಖದ್ದಾಗಿರಲಿಲ್ಲ. ಅಕ್ಕಿ, ಉಪ್ಪು, ಕತ್ತಿ, ಬಟ್ಟೆಗಳನ್ನು ಸಾಲವಾಗಿ ಕೊಟ್ಟು ರಬ್ಬರನ್ನು ತಾನು ಹೇಳಿದ ದರಕ್ಕೆ ಕೊಳ್ಳುವ ಧಣಿಯ ಲೆಕ್ಕದ ಪುಸ್ತಕದಿಂದ ಅವನಿಗೆ ಬಿಡುಗಡೆಯೇ ಇರುತ್ತಿರಲಿಲ್ಲ. ಆದರೂ ಯಾವ ಮರ ಎಲ್ಲಿದೆ, ಎಷ್ಟು ಹಾಲು ಕೊಡುತ್ತದೆ, ಯಾವುದಕ್ಕೆ ವಿಶ್ರಾಂತಿ ಬೇಕು ಎಂಬ ಅರಿವು ಧಣಿಗಿಂತ ಅವನಲ್ಲೇ ಹೆಚ್ಚಾಗಿತ್ತು.

೧೮೭೬ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷ್ ಸಾಹಸಿಯು ಇದೇ ತಪಜೋಸ್ ಪ್ರದೇಶದಿಂದ ಸುಮಾರು ೭೦,೦೦೦ ರಬ್ಬರ್ ಬೀಜಗಳನ್ನು ಹಡಗಿನಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಅದು ಕಳವೆಂದು ಬ್ರೆಜಿಲ್ಲಿನವರು ಇಂದಿಗೂ ಹೇಳುತ್ತಾರೆ. ಆದರೆ ಅಂದು ಆ ರಫ್ತನ್ನು ನಿಷೇಧಿಸುವ ಕಾನೂನು ಅಲ್ಲಿರಲಿಲ್ಲ. ಮೊಳೆತವು ಮೂರು ಸಾವಿರಕ್ಕೂ ಕಡಿಮೆ. ಅವುಗಳಲ್ಲಿ ಹೆಚ್ಚಿನ ಸಸಿಗಳು ಸಿಂಹಳಕ್ಕೆ ಹೋದವು. ಅಲ್ಲಿಂದ ಮಲಯಾ, ಸುಮಾತ್ರಾ, ಕೇರಳಗಳಲ್ಲಿ ತೋಟಗಳೆದ್ದವು. ೧೯೧೩ರ ಹೊತ್ತಿಗೆ ಏಷ್ಯದ ತೋಟಗಳ ಉತ್ಪನ್ನ ಅಮೆಜಾನಿನ ಕಾಡು ರಬ್ಬರನ್ನು ಮೀರಿಸಿತ್ತು. ಬೆಲೆ ಕುಸಿದು ಆ ನದಿತೀರದ ಊರುಗಳೆಲ್ಲ ಬಡವಾದವು.

ಈಗ ಫೋರ್ಡನ ಪ್ರವೇಶ. ಅವನ ಮೋಟಾರುಗಳ ಚಕ್ರಕ್ಕೆ ರಬ್ಬರು ಬೇಕಾಗಿತ್ತು. ರಬ್ಬರಿನ ಕೀಲಿಕೈ ಮುಖ್ಯವಾಗಿ ಬ್ರಿಟಿಷರ ಕೈಯಲ್ಲಿತ್ತು. ಬೆಲೆಯನ್ನು ಏರಿಸಲೆಂದು ಅವರು ೧೯೨೨ರಲ್ಲಿ ತಮ್ಮ ವಸಾಹತುಗಳ ರಫ್ತಿಗೆ ಮಿತಿ ಹಾಕಿದರು. ಮರದ ತವರಿನಲ್ಲೇ ತೋಟ ಮಾಡಿದರೆ ಈ ಹಂಗೇ ಬೇಡವೆಂದು ಫೋರ್ಡ್ ನಿಶ್ಚಯಿಸಿ, ೧೯೨೭ರಲ್ಲಿ ಪಾರಾ ಸರ್ಕಾರದಿಂದ ಸುಮಾರು ೧೦ ಲಕ್ಷ ಹೆಕ್ಟೇರ್ ಭೂಮಿಯನ್ನು ಪಡೆದ. ೧೯೨೮ರ ಕೊನೆಗೆ ಯಂತ್ರಗಳನ್ನು ಹೊತ್ತ ಹಡಗುಗಳು ತಪಜೋಸನ್ನೇರಿ, ಆಗ ಬೋವಾ ವಿಸ್ತಾ ಎನಿಸಿಕೊಂಡಿದ್ದ ಸ್ಥಳವನ್ನು ತಲುಪಿದವು. ಫೋರ್ಡ್ ಮಾತ್ರ ತನ್ನ ಹೆಸರಿನ ಊರಿಗೆ ಒಮ್ಮೆಯೂ ಬರಲಿಲ್ಲ.

ಕಾಡನ್ನು ಕಡಿದು ಸುಟ್ಟರು. ಮರ ಕೊಯ್ಯುವ ಕಾರ್ಖಾನೆ, ಆಸ್ಪತ್ರೆ, ಶಾಲೆ, ವಿದ್ಯುತ್ತು, ನಲ್ಲಿಯ ನೀರು, ಸಾಲುಸಾಲಾಗಿ ಅಮೆರಿಕದ ಮಾದರಿಯ ಮನೆಗಳು ಬಂದವು. ಸಂಬಳ ಸುತ್ತಿನ ಊರುಗಳಿಗಿಂತ ಹೆಚ್ಚು, ಚಿಕಿತ್ಸೆ ಉಚಿತ. ಇದನ್ನು ಮರೆಯುವುದು ನ್ಯಾಯವಲ್ಲ. ಆದರೆ ಸಂಬಳದ ಜೊತೆಗೆ ಜೀವನಕ್ರಮವೂ ಬಂತು. ಬಿಸಿಲೇರುವ ಮುಂಚೆ ದುಡಿದು ನಡುಹಗಲಲ್ಲಿ ದಣಿವಾರಿಸಿಕೊಳ್ಳುವುದು ಆ ನಾಡಿನ ರೂಢಿ; ಕಂಪನಿಯ ಸೈರನ್ನಿಗೆ ನಡುಹಗಲೂ ಒಂದೇ, ಮುಂಜಾನೆಯೂ ಒಂದೇ. ಮದ್ಯ ನಿಷಿದ್ಧ. ಊಟಕ್ಕೆ ಓಟ್ಸ್ ಗಂಜಿ, ಡಬ್ಬಿಯಲ್ಲಿ ಬಂದ ಹಣ್ಣು.

೧೯೩೦ರ ಡಿಸೆಂಬರಿನಲ್ಲಿ, ಕೂತಲ್ಲಿಗೇ ಬಡಿಸುತ್ತಿದ್ದ ಪದ್ಧತಿಯನ್ನು ತೆಗೆದು, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕೆಂಬ ಆಜ್ಞೆಯಾಯಿತು. ಪಂಕ್ತಿಯಲ್ಲಿ ಕೂತು ಉಣ್ಣುವುದಕ್ಕೂ ತಟ್ಟೆ ಚಾಚಿ ನಿಲ್ಲುವುದಕ್ಕೂ ಇರುವ ಅಂತರವನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಒಳಗೊಳಗೇ ಹೊಗೆಯಾಡುತ್ತಿದ್ದ ಸಿಟ್ಟು ಅಂದು ಭುಗಿಲೆದ್ದಿತು. ಕೂಲಿಕಾರರು ಭೋಜನಶಾಲೆಯನ್ನು ಪುಡಿಗಟ್ಟಿದರು. ಹಾಜರಿ ಗುರುತಿಸುವ ಗಡಿಯಾರಗಳನ್ನು ಒಡೆದರು. ಅಧಿಕಾರಿಗಳು ಹಡಗು ಹತ್ತಿ ನದಿಯ ನಡುವೆ ನಿಲ್ಲಬೇಕಾಯಿತು. ಸೈನ್ಯ ಬಂದ ಮೇಲೆಯೇ ಊರು ಶಾಂತವಾದದ್ದು.

ಮನುಷ್ಯರ ದಂಗೆಯನ್ನು ಸೈನ್ಯದಿಂದ ಅಡಗಿಸಬಹುದು; ಎಲೆಯ ರೋಗವನ್ನು ಅಡಗಿಸುವುದು ಹೇಗೆ? ರಬ್ಬರಿನ ಎಲೆಗೆ ತಗಲುವ ಒಂದು ಬಗೆಯ ಬೂಷ್ಟು ಅಮೆಜಾನಿನಲ್ಲೇ ಹುಟ್ಟಿದ್ದು. ಮರಗಳು ಚದುರಿ ನಿಂತ ಕಾಡಿನಲ್ಲಿ ಅದು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಲಾರದು. ತೋಟದಲ್ಲಾದರೋ ಕೊಂಬೆಗೆ ಕೊಂಬೆ ತಾಗಿದೊಡನೆ ಅದಕ್ಕೆ ಹೆದ್ದಾರಿಯೇ ತೆರೆದಂತಾಯಿತು. ೧೯೩೦ರ ದಶಕದ ನಡುಭಾಗಕ್ಕೆ ಫೋರ್ಡ್‌ಲಾಂಡಿಯಾದ ಮರಗಳು ಎಲೆ ಕಳೆದುಕೊಂಡು ನಿಂತವು. ಸುಮಾತ್ರಾದಿಂದ ಕಸಿಗೆ ಮೊಗ್ಗುಗಳನ್ನು ತರಿಸಿದರು. ವಿಕ್‌ಹ್ಯಾಮ್ ಒಯ್ದ ಬೀಜಗಳ ಸಂತಾನವೇ ಹೀಗೆ ತವರಿಗೆ ಮರಳಿತು. ಹಾಲು ಹೇರಳ, ರೋಗನಿರೋಧ ಮಾತ್ರ ಇಲ್ಲ. ಏಷ್ಯದಲ್ಲಿ ರಬ್ಬರ್ ಹುಲುಸಾಗಿ ಬೆಳೆದದ್ದಕ್ಕೆ ಮುಖ್ಯ ಕಾರಣ ಬೀಜ ಬಂದಾಗ ಜೊತೆಗೆ ಈ ರೋಗ ಬಾರದಿದ್ದುದೇ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇಂಥ ಅರ್ಥವೂ ಉಂಟೆಂದು ಯಾರು ಬಲ್ಲರು! ೧೯೩೪ರಲ್ಲಿ ಕಂಪನಿಯು ಭೂಮಿಯ ಒಂದು ಪಾಲನ್ನು ಬದಲಿಕೊಟ್ಟು ಸಾಂತರೇಂಗೆ ಹತ್ತಿರದ ಬೆಲ್ತೆರಾದಲ್ಲಿ ಮತ್ತೊಂದು ತೋಟವನ್ನೆಬ್ಬಿಸಿತು. ಅಲ್ಲಿಯೂ ರೋಗ ಬಿಡಲಿಲ್ಲ. ಎರಡನೆಯ ಮಹಾಯುದ್ಧದ ವೇಳೆಗೆ ಕೃತಕ ರಬ್ಬರ್ ಬಂತು. ಸುಮಾರು ೨ ಕೋಟಿ ಡಾಲರ್ ಸುರಿದಿದ್ದ ಕಂಪನಿ ೧೯೪೫ರಲ್ಲಿ ಎರಡೂ ತೋಟಗಳನ್ನು ಸುಮಾರು ಎರಡೂವರೆ ಲಕ್ಷ ಡಾಲರಿಗೆ ಬ್ರೆಜಿಲ್ ಸರ್ಕಾರಕ್ಕೆ ಒಪ್ಪಿಸಿ ಹೊರಟುಹೋಯಿತು.

ಪರಊರ ಜನರ ಸೋಲಿನ ಕಥೆ ನಮಗೇಕೆ ಎನ್ನುವಂತಿಲ್ಲ. ಸಿಂಹಳದಲ್ಲಿ ಬೇರೂರಿದ ಆ ತಪಜೋಸ್ ಸಂತಾನದ ಮರಗಳು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆಯ ಗುಡ್ಡಗಳಲ್ಲೂ ಸಾಲಾಗಿ ನಿಂತಿವೆ. ೧೯೬೪ರ ಒಪ್ಪಂದದಂತೆ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಿಗೆ ಅಲ್ಲಿಯ ಸರ್ಕಾರಿ ತೋಟಗಳಲ್ಲಿಯೇ ಕೆಲಸ ದೊರೆತದ್ದು. ಮರ ನಡೆದ ದಾರಿಯಲ್ಲಿ ಮನುಷ್ಯರೂ ನಡೆಯಬೇಕಾಯಿತು.

ಫೋರ್ಡ್‌ಲಾಂಡಿಯಾವನ್ನು ಹೊರಗಿನವರು ಪಾಳುಬಿದ್ದ ಊರೆಂದು ಬಣ್ಣಿಸುವುದುಂಟು. ಆಸ್ಪತ್ರೆ ಹಾಳಾದದ್ದು ನಿಜ, ಕಾರ್ಖಾನೆಯ ಯಂತ್ರಗಳು ತುಕ್ಕು ಹಿಡಿದದ್ದೂ ನಿಜ. ಆದರೆ ಊರು ಪಾಳಾಗಿಲ್ಲ. ಅಲ್ಲಿ ಜನರಿದ್ದಾರೆ, ಮೀನು ಹಿಡಿಯುತ್ತಾರೆ, ಮರಗೆಣಸು ಬೆಳೆಯುತ್ತಾರೆ, ದನ ಸಾಕುತ್ತಾರೆ. ಅಧಿಕಾರಿಗಳಿಗೆಂದು ಕಟ್ಟಿದ ಮನೆಗಳಲ್ಲಿಯೂ ಸಂಸಾರಗಳು ನೆಲೆಸಿವೆ. ಕಂಪನಿ ಇಲ್ಲಿ ನೆಲೆನಿಂತದ್ದು ಹದಿನೇಳು ವರ್ಷ; ಅದು ಹೋದ ಮೇಲೆ ಊರಿನವರು ಎಂಬತ್ತು ವರ್ಷ ಬಾಳಿದ್ದಾರೆ. ಚರಿತ್ರೆಯ ಪುಸ್ತಕಗಳು ಆ ಹದಿನೇಳನ್ನೇ ಹೇಳುತ್ತವೆ. ಎಂಬತ್ತನ್ನು ಕೇಳಬೇಕಾದರೆ ಅವರ ಬಾಯಿಂದಲೇ ಕೇಳಬೇಕು.